ಅಜ್ಜನ ಮನೆಯ ತೊಲೆ, ಹನ್ನೊಂದು ತಿಂಗಳು, ಒಂದು ಗಿಟಾರ್

ಮೊನ್ನೆ ಭಾನುವಾರ ಸಂಜೆ ಆರನೇ ತಂತಿಯ ಶ್ರುತಿ ಕೂತಿತು. ಶುರು ಮಾಡಿದ್ದು ಕಳೆದ ಡಿಸೆಂಬರ್‌ನಲ್ಲಿ. ಮೂರು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ, ಹನ್ನೊಂದು ತಿಂಗಳಾಯಿತು. ಒಳ್ಳೆಯ ಭಾಗಗಳನ್ನು ತರಿಸಿ ತಮ್ಮದೇ ಎಲೆಕ್ಟ್ರಿಕ್ ಗಿಟಾರ್ ಕಟ್ಟಿಸಬೇಕು ಅಂತ ಆಸೆ ಇರುವವರು ನಮ್ಮ ಕಡೆಯೂ ಇದ್ದಾರೆ. ನಾನು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡೆ ಅನ್ನೋದು ಇನ್ನೂ ನೆನಪಿನಲ್ಲಿ ಹಸಿಯಾಗಿದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಾನು ಇರುವುದು ಕಾರವಾರದ ಕೋಡಿಬಾಗದಲ್ಲಿ, ಬಾಡಿಗೆ ಮನೆ. ಊರು ಶಿರಸಿ ಹತ್ತಿರ. ಡಿಸೆಂಬರ್‌ನಲ್ಲಿ ಅಜ್ಜನ ಕಾಲದ ಮನೆ ಇಳಿಸಿದೆವು. ಗೋಡೆ ಮಣ್ಣಾಯಿತು, ಹೆಂಚು ಯಾರೋ ಒಯ್ದರು. ಅಡುಗೆ ಮನೆಯ ಮೇಲಿದ್ದ ಹಲಸಿನ ತೊಲೆ ಮಾತ್ರ ಅಂಗಳದಲ್ಲಿ ಉಳಿಯಿತು. ಎಂಟು ಇಂಚು ಅಗಲ, ಆರು ಇಂಚು ದಪ್ಪ, ಹೊಗೆ ಕುಡಿದು ಕಪ್ಪಾಗಿತ್ತು. ಕಟ್ಟಿಗೆಗೆ ಕೊಡುವ ಮಾತು ನಡೆದಿತ್ತು. ಒಂದು ಮೂಲೆಯನ್ನು ಕತ್ತಿಯಿಂದ ಕೆತ್ತಿ ನೋಡಿದೆ. ಒಳಗೆ ಜೇನಿನ ಬಣ್ಣ. ಬೆರಳಿನಿಂದ ತಟ್ಟಿದರೆ ಗಟ್ಟಿ ದನಿ. ವೀಣೆಗೂ ಮದ್ದಳೆಗೂ ಹಲಸಿನ ಮರವೇ ಅಲ್ವಾ, ಗಿಟಾರಿಗೆ ಯಾಕಾಗಬಾರದು ಅನ್ನಿಸಿತು. ಹದಿನೈದು ವರ್ಷದಿಂದ ನುಡಿಸುತ್ತಿದ್ದೇನೆ, ಆದರೆ ನನ್ನದು ಅನ್ನುವಂಥ ಒಂದು ವಾದ್ಯ ಇರಲಿಲ್ಲ.

ಯಾವ ಮಾದರಿ ಅನ್ನುವುದರಲ್ಲಿ ಗೊಂದಲ ಆಗಲಿಲ್ಲ. ಟೆಲಿಕಾಸ್ಟರ್ ಆಕಾರ. ಲಿಯೋ ಫೆಂಡರ್ 1950ರ ಸುಮಾರಿಗೆ ಮಾರುಕಟ್ಟೆಗೆ ತಂದ ವಿನ್ಯಾಸ ಅದು. ಚಪ್ಪಟೆ ಹಲಗೆಯ ಬಾಡಿ, ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಕೂರಿಸುವ ನೆಕ್, ಅಂದರೆ ಕೈಯಲ್ಲಿ ಹಿಡಿಯುವ ಉದ್ದನೆಯ ಭಾಗ. ಅಂಟಿನಿಂದ ನೆಕ್ ಜೋಡಿಸುವ ಗಿಟಾರ್‌ಗಳಿಗೆ ಬೇರೆಯದೇ ಕೌಶಲ ಬೇಕು. ಇದರಲ್ಲಿ ಭಾಗಗಳ ಅಳತೆ ಬಹುಮಟ್ಟಿಗೆ ಒಂದೇ ಥರ ಇರುತ್ತದೆ: ನೆಕ್ ಕೂರುವ ಗುಂಡಿ 56 ಮಿ.ಮೀ. ಅಗಲ, 16 ಮಿ.ಮೀ. ಆಳ, ಬಾಡಿಯ ದಪ್ಪ ಸುಮಾರು 44 ಮಿ.ಮೀ. ಹಾಗಾಗಿ ಬೇರೆ ಬೇರೆ ಕಡೆಯಿಂದ ತರಿಸಿದ ಭಾಗಗಳನ್ನೂ ಕೂಡಿಸಬಹುದು. ಮೊದಲ ಸಲ ಕಟ್ಟುವವರು ಇದನ್ನೇ ಆರಿಸಿಕೊಳ್ಳಿ.

ಮೊದಲ ತಡೆ ಬಂದದ್ದು ಸಾಮಿಲ್‌ನಲ್ಲಿ. ಮರ ಎಲ್ಲಿಂದ ಬಂತು ಅನ್ನುವುದಕ್ಕೆ ಕಾಗದ ಬೇಕು ಅಂದರು. ಅವರು ಕೇಳಿದ್ದು ಸರಿಯೇ. ನಮ್ಮ ಜಿಲ್ಲೆಯಲ್ಲಿ ಮರ ಅಂದರೆ ಯಾರೂ ಸುಮ್ನೆ ಮುಟ್ಟುವುದಿಲ್ಲ. ಜಾಗದ ಪಹಣಿ, ಹಳೆ ಮನೆ ಇಳಿಸಿದ್ದಕ್ಕೆ ಪಂಚಾಯ್ತಿಯ ಪತ್ರ, ಮನೆ ನಿಂತಿದ್ದಾಗಿನ ಎರಡು ಫೋಟೊ ಒಟ್ಟು ಮಾಡುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಹಳೆ ಮನೆಯ ಮರ ಉಪಯೋಗಿಸುವವರು ಗಾಡಿಗೆ ಹೇರುವ ಮೊದಲೇ ವಲಯ ಅರಣ್ಯ ಕಚೇರಿಗೆ ಹೋಗಿ ಏನೇನು ಬೇಕು ಅಂತ ಕೇಳಿಕೊಳ್ಳಿ. ದಾರಿಯಲ್ಲಿ ನಿಲ್ಲಿಸಿದ ಮೇಲೆ ಹುಡುಕುವುದಲ್ಲ. ಮನೆ ಕೆಡವುವ ಮುಂಚೆ ಫೋಟೊ ತೆಗೆದಿಡುವುದನ್ನಂತೂ ಮರೆಯಬೇಡಿ.

ಗರಗಸ ಅರ್ಧ ಅಡಿ ಹೋಗುವಷ್ಟರಲ್ಲಿ ಕಿರ್ ಅಂತ ಸದ್ದು. ತೊಲೆಯೊಳಗೆ ಮುರಿದ ಮೊಳೆ. ಬ್ಲೇಡಿನ ಹಲ್ಲು ಹೋಯಿತು. ಅವರು ಬೈಯಲಿಲ್ಲ, ಆದರೆ 500 ರೂಪಾಯಿ ಹೆಚ್ಚು ಕೊಟ್ಟೆ, ಒಟ್ಟು 1,200. ಹಳೆ ಮರವನ್ನು ಕೊಯ್ಯಿಸುವ ಮುಂಚೆ ಒಂದು ಗಟ್ಟಿ ಅಯಸ್ಕಾಂತ ಹಿಡಿದು ನಾಲ್ಕೂ ಮಗ್ಗುಲು ಸವರಿ ನೋಡಿ. ಹತ್ತು ನಿಮಿಷದ ಕೆಲಸ. ಆ ಮೊಳೆಯ ಸುತ್ತ ಮರ ಕಪ್ಪಗಾಗಿತ್ತು. ಆ ಕಲೆಯ ವಿಷಯ ಆಮೇಲೆ ಹೇಳುತ್ತೇನೆ.

ಎರಡು ಇಂಚು ದಪ್ಪದ, ಮೂರು ಅಡಿ ಉದ್ದದ ಎರಡು ಹಲಗೆ ಬಂದವು. ಒಂದನ್ನು ಅರ್ಧಕ್ಕೆ ಕತ್ತರಿಸಿ ಪಕ್ಕಪಕ್ಕ ಜೋಡಿಸಿದರೆ ಒಂದು ಬಾಡಿಗೆ ಸಾಕು. ನೂರು ವರ್ಷ ಹೊಗೆಯಲ್ಲಿ ಒಣಗಿದ ಮರ, ಇನ್ನೇನು ಒಣಗಿಸುವುದು ಅಂತ ಕಾರಿಗೆ ಹಾಕಿ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ತಂದೆ. ಅದೃಷ್ಟಕ್ಕೆ ಅವತ್ತೇ ಅಂಟು ಹಾಕಲಿಲ್ಲ. ಸುಮ್ನೆ ಕುತೂಹಲಕ್ಕೆ ಅಡುಗೆ ಮನೆಯ ತೂಕದ ಯಂತ್ರದ ಮೇಲೆ ಒಂದು ತುಂಡನ್ನು ಇಟ್ಟೆ. 2,810 ಗ್ರಾಂ. ಮುಂದಿನ ವಾರ 2,835. ಮರ ಒಣಗುತ್ತಿರಲಿಲ್ಲ, ಸಮುದ್ರದ ಗಾಳಿಯ ತೇವ ಕುಡಿಯುತ್ತಿತ್ತು! ಪ್ರತಿ ಭಾನುವಾರ ತೂಗಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದೆ. ಐದನೇ ವಾರದ ಹೊತ್ತಿಗೆ ತೂಕ ನಿಂತಿತು. ಅಷ್ಟರಲ್ಲಿ ಒಂದು ತುಂಡು ಸ್ವಲ್ಪ ಡೊಂಕಾಗಿತ್ತು. ಮೊದಲೇ ಅಂಟಿಸಿದ್ದರೆ ನಡುವೆ ಬಿರುಕು ಬಿಡುತ್ತಿತ್ತು. ತೇವ ಅಳೆಯುವ ಮೀಟರ್ ಇಲ್ಲದವರಿಗೆ ಇದು ಒಳ್ಳೆ ದಾರಿ. ಗಿಟಾರ್ ಯಾವ ಊರಿನಲ್ಲಿ ಇರುತ್ತದೋ ಅಲ್ಲೇ ಮರವನ್ನು ಇಟ್ಟು, ತೂಕ ಬದಲಾಗದೆ ನಿಂತ ಮೇಲೆ ಮಾತ್ರ ಮುಂದಿನ ಕೆಲಸ.

ಈ ನಡುವೆ ಭಾಗಗಳ ಪಟ್ಟಿ ಮಾಡಿದೆ. ನೆಕ್ ನಾನೇ ಮಾಡುವ ಸಾಹಸಕ್ಕೆ ಹೋಗಲಿಲ್ಲ. ನೆಕ್ ಮೇಲೆ ಅಡ್ಡಕ್ಕೆ ಕೂರುವ ಲೋಹದ ಗೆರೆಗಳು, ಅಂದರೆ ಫ್ರೆಟ್‌ಗಳ ಜಾಗ ಕೂದಲೆಳೆ ತಪ್ಪಿದರೂ ಶ್ರುತಿ ಕೆಡುತ್ತದೆ. ಅಮೆರಿಕದ ವಾರ್ಮೋತ್ ಕಂಪನಿಯ ಮೇಪಲ್ ಮರದ ನೆಕ್ ಆರಿಸಿದೆ, 25.5 ಇಂಚಿನ ಸ್ಕೇಲ್ (ನುಡಿಯುವ ತಂತಿಯ ಉದ್ದ), ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್. ಸ್ಟೇನ್‌ಲೆಸ್‌ಗೆ ದುಡ್ಡು ಜಾಸ್ತಿ. ಆದರೆ ಕಾರವಾರದ ಉಪ್ಪುಗಾಳಿಯಲ್ಲಿ ಮಾಮೂಲಿ ಫ್ರೆಟ್ ಹೇಗೆ ಹಸಿರು ಹಿಡಿಯುತ್ತದೆ ಅಂತ ನನ್ನ ಹಳೆಯ ಗಿಟಾರ್ ತೋರಿಸಿಕೊಟ್ಟಿತ್ತು. ಬೆರಳು ಆಡುವ ಪಟ್ಟಿಗೆ ನಮ್ಮ ಘಟ್ಟದ ಬೀಟೆಯೇ ಇರಲಿ ಅಂತ ಆಸೆ ಇತ್ತು. ಜಗತ್ತಿನ ಎಷ್ಟೋ ಗಿಟಾರ್‌ಗಳಲ್ಲಿ ಇರುವುದು ಭಾರತದ ಬೀಟೆಯೇ. ಆದರೆ 2017ರಲ್ಲಿ ಬೀಟೆ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದರೂ ಗಡಿಯಲ್ಲಿ ಪ್ರಶ್ನೆ ಬೇಡ ಅನ್ನಿಸಿ ಪಟ್ಟಿಯನ್ನೂ ಮೇಪಲ್‌ನಲ್ಲೇ ಹೇಳಿದೆ.

ತಂತಿ ಬಿಗಿಯುವ ಕೀಗಳು ಮತ್ತು ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಜ್ ಜಪಾನಿನ ಗೋಟೋ ಕಂಪನಿಯವು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಎರಡು: ಬ್ರಿಜ್ ಕಡೆಯದು ಸೇಮೋರ್ ಡಂಕನ್, ನೆಕ್ ಕಡೆಯದು ಬೇರೆ ಕಂಪನಿಯದು. ವಾಲ್ಯೂಮ್ ಮತ್ತು ಟೋನ್‌ಗೆ 250 ಕಿಲೋಓಮ್‌ನ ಸಿಟಿಎಸ್ ಕಂಪನಿಯ ಪಾಟ್ (ತಿರುಗಿಸುವ ನಾಬ್‌ನ ಅಡಿಯ ಭಾಗ). ಒಂದೇ ಸುರುಳಿಯ ಪಿಕಪ್‌ಗಳಿಗೆ 250, ಎರಡು ಸುರುಳಿಯ ಹಂಬಕರ್‌ಗೆ 500 ಹಾಕುವುದು ರೂಢಿ. ಸಾಗಾಟವೂ ಸೇರಿ 46,300 ರೂಪಾಯಿ. ಬಟನ್ ಒತ್ತುವಾಗ ಕೈ ನಡುಗಿತು, ಸುಳ್ಳು ಹೇಳುವುದಿಲ್ಲ.

ಪಾರ್ಸೆಲ್ ಹತ್ತು ದಿನದಲ್ಲಿ ದೇಶಕ್ಕೆ ಬಂತು. ಆಮೇಲೆ ನಿಂತಿತು. ಕೊರಿಯರ್‌ನವರು ಆಧಾರ್, ಪ್ಯಾನ್ ಕೇಳಿದರು, ಕಳಿಸಿದೆ. ನಾಲ್ಕು ದಿನ ಬಿಟ್ಟು ಹೆಸರು ಹೊಂದುತ್ತಿಲ್ಲ ಅಂತ ಸಂದೇಶ. ಆಧಾರ್‌ನಲ್ಲಿ ನಾನು ಹೆಗಡೆ, ಪಾರ್ಸೆಲ್ ಮೇಲೆ ಹೆಗ್ಡೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ, ಅರ್ಧ ಮನೆಯ ಕಾಗದಗಳು ಒಂದು ಥರ, ಉಳಿದರ್ಧ ಇನ್ನೊಂದು ಥರ. ಎರಡೂ ನಾನೇ ಅಂತ ಸಹಿ ಮಾಡಿದ ಪತ್ರ, ದುಡ್ಡು ಕಟ್ಟಿದ ಬ್ಯಾಂಕ್ ಹಾಳೆ, ಬಿಲ್ಲು ಎಲ್ಲ ಮತ್ತೆ ಕಳಿಸಿದೆ. ಒಟ್ಟು ಹತ್ತೊಂಬತ್ತು ದಿನ ಕಾದೆ. ದಿನಕ್ಕೆ ಆರು ಸಲ ಟ್ರ್ಯಾಕಿಂಗ್ ನೋಡುತ್ತಿದ್ದೆ. ಸುಂಕ, ತೆರಿಗೆ, ಕೊರಿಯರ್‌ನವರ ಶುಲ್ಕ ಎಲ್ಲ ಸೇರಿ 17,900 ಕಟ್ಟಿದೆ. ಆರ್ಡರ್ ಮಾಡುವಾಗ ಆಧಾರ್‌ನಲ್ಲಿ ಇರುವ ಹಾಗೇ, ಅಕ್ಷರಕ್ಕೆ ಅಕ್ಷರ, ಹೆಸರು ಬರೆಯಿರಿ. ಸುಂಕದ ದರ ಆಗಾಗ ಬದಲಾಗುತ್ತದೆ, ಕಟ್ಟುವ ಮುಂಚೆ ಅವತ್ತಿನ ದರ ಕೇಳಿಕೊಂಡು ಆ ದುಡ್ಡನ್ನೂ ಬದಿಗಿಟ್ಟುಕೊಳ್ಳಿ.

ಈ ಹತ್ತೊಂಬತ್ತು ದಿನದಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು.

ಏಪ್ರಿಲ್ ಬಂದಿತ್ತು. ಮಳೆ ಹಿಡಿಯುವ ಮೊದಲು ಮರದ ಕೆಲಸ ಮುಗಿಸಬೇಕು ಅನ್ನುವ ಅವಸರ. ಬಾಡಿಯ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಮರದ ತುಂಡುಗಳನ್ನು ಊರಿಗೆ ತೆಗೆದುಕೊಂಡು ಹೋಗಿ, ಪರಿಚಯದ ಆಚಾರಿಗಳ ಮುಂದೆ ಇಟ್ಟೆ. ಅವರು ಹಲಗೆಯನ್ನು ಮೂಸಿ ನೋಡಿದರು.

"ಹೆಗಡೇರೆ, ಇಂಥ ಮರ ಈಗ ದುಡ್ಡು ಕೊಟ್ರೂ ಸಿಗೂದಿಲ್ಲ. ಇದನ್ನ ಹಾಳು ಮಾಡೂದು ಬ್ಯಾಡ, ನಿಧಾನ ಮಾಡ್ವ."

ಅವರ ಮಾತು ಕೇಳಬೇಕಿತ್ತು. "ಇಲ್ಲ ಆಚಾರ್ರೆ, ಈ ವಾರವೇ ಆಗಬೇಕು" ಅಂದೆ. ಎರಡು ತುಂಡಿನ ಅಂಚನ್ನು ಬೆಳಕು ನುಸುಳದ ಹಾಗೆ ಕೀಸುಳಿ ಹಾಕಿ, ಫೆವಿಕಾಲ್ ಹಚ್ಚಿ, ಕ್ಲ್ಯಾಂಪ್ ಬಿಗಿದು ಒಂದು ರಾತ್ರಿ ಬಿಟ್ಟರು. ಆಮೇಲೆ ನಕ್ಷೆ ಅಂಟಿಸಿ ಆಕಾರ ಕತ್ತರಿಸಿ, ಮರ ತೋಡುವ ರೂಟರ್ ಯಂತ್ರದಲ್ಲಿ ಗುಂಡಿಗಳನ್ನು ತೆಗೆದರು. ಅಷ್ಟು ನಾಜೂಕಿನ ಕೆಲಸ ನಾನು ನೋಡಿರಲಿಲ್ಲ. ಹಲಸು ಭಾರದ ಮರ. ಹಾಗಾಗಿ ಪಿಕ್‌ಗಾರ್ಡ್ ಅನ್ನುವ ತೆಳು ತಟ್ಟೆ ಮುಚ್ಚುವ ಜಾಗದಲ್ಲಿ ಕಾಣದ ಹಾಗೆ ಇನ್ನಷ್ಟು ಮರ ತೋಡಿದರು. ಮಜೂರಿ 4,500.

ಮೇ ಮೊದಲ ವಾರ ನೆಕ್ ಕೈಗೆ ಬಂತು. ಪೆಟ್ಟಿಗೆ ಬಿಚ್ಚಿದಾಗ ಮೇಪಲ್‌ನ ಆ ಬಿಳಿ ಬಣ್ಣ, ರೇಷ್ಮೆಯಂಥ ನುಣುಪು. ಗುಂಡಿಗೆ ಇಟ್ಟೆ. ಹೋಗಲಿಲ್ಲ. ಅಳೆದರೆ ಗುಂಡಿ 54 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ಎದೆ ಧಸಕ್ಕೆಂದಿತು. ನಕ್ಷೆಯ ಹಾಳೆ ತೆಗೆದು ಅದರ ಮೂಲೆಯಲ್ಲಿದ್ದ 100 ಮಿ.ಮೀ. ಗೆರೆಗೆ ಅಳತೆಪಟ್ಟಿ ಇಟ್ಟೆ. 96! ಪ್ರಿಂಟ್ ಮಾಡುವಾಗ ಕಾಗದಕ್ಕೆ ಹೊಂದಿಸುವ ಆಯ್ಕೆ ಹಾಗೇ ಉಳಿದಿತ್ತು. ಇಡೀ ಬಾಡಿ ನೂರಕ್ಕೆ ನಾಲ್ಕು ಪಾಲು ಚಿಕ್ಕದಾಗಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ. ಅಜ್ಜನ ಮನೆಯ ಮರವನ್ನು ನನ್ನ ಅವಸರಕ್ಕೆ ಕೆಡಿಸಿದೆ ಅಂತ ಸಂಕಟವಾಯಿತು.

ಆದರೆ ಚಿಕ್ಕದಾದ ಗುಂಡಿಯನ್ನು ದೊಡ್ಡದು ಮಾಡಬಹುದು. ದೊಡ್ಡದಾದದ್ದನ್ನು ಚಿಕ್ಕದು ಮಾಡಲು ಆಗುವುದಿಲ್ಲ. ಮರುವಾರ ಮತ್ತೆ ಶಿರಸಿ. ಆಚಾರಿಗಳು ಚಿಕ್ಕ ಉಳಿ ಹಿಡಿದು, ನೆಕ್ ಇಟ್ಟು ನೋಡುತ್ತ, ಎಳೆ ಎಳೆಯಾಗಿ ಕೆತ್ತಿದರು. ಕೊನೆಗೆ ನೆಕ್ ಕೂತಾಗ ಸ್ಕ್ರೂ ಇಲ್ಲದೇ ಬಾಡಿಯನ್ನು ಎತ್ತಬಹುದಿತ್ತು, ಅಷ್ಟು ಬಿಗಿ. ಬ್ರಿಜ್‌ಗೆ ಇನ್ನೂ ತೂತು ಹಾಕಿರಲಿಲ್ಲ, ಅದು ನನ್ನ ಪುಣ್ಯ. ನಕ್ಷೆಯಲ್ಲಿದ್ದ ಜಾಗ ಸುಮಾರು 7 ಮಿ.ಮೀ. ಮುಂದಿತ್ತು. ಅಲ್ಲಿ ಕೂರಿಸಿದ್ದರೆ ಯಾವತ್ತೂ ಶ್ರುತಿ ಸೇರುತ್ತಿರಲಿಲ್ಲ. ಬ್ರಿಜ್‌ನ ಜಾಗವನ್ನು ಯಾವ ನಕ್ಷೆಯಿಂದಲೂ ತೆಗೆದುಕೊಳ್ಳಬೇಡಿ. ನೆಕ್ ಕೂರಿಸಿದ ಮೇಲೆ ನಟ್‌ನಿಂದ (ನೆಕ್‌ನ ಮೇಲಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹನ್ನೆರಡನೇ ಫ್ರೆಟ್‌ಗೆ ಅಳೆಯಿರಿ, ಈ ಸ್ಕೇಲ್‌ನಲ್ಲಿ ಅದು 324 ಮಿ.ಮೀ. ಬರುತ್ತದೆ. ಅಲ್ಲಿಂದ ಅಷ್ಟೇ ದೂರಕ್ಕೆ ತೆಳು ತಂತಿಯ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಸಣ್ಣ ತುಂಡು) ಬರಬೇಕು. ದಪ್ಪ ತಂತಿಗಳದ್ದು ಇನ್ನೂ ಸ್ವಲ್ಪ ಹಿಂದೆ ಸರಿಯುತ್ತದೆ, ಹಾಗಾಗಿ ಸ್ಯಾಡಲ್‌ಗೆ ಹಿಂದೆ ಸರಿಯುವ ಜಾಗ ಇಟ್ಟುಕೊಳ್ಳಿ. ಮುಖ್ಯ ಮಾತು ಇದೇ: ಎಲ್ಲ ಭಾಗ ಕೈಗೆ ಬಂದು, ಸ್ವಂತ ಅಳತೆಪಟ್ಟಿಯಲ್ಲಿ ಅಳೆದ ಮೇಲೇ ಮರಕ್ಕೆ ಗರಗಸ ಮುಟ್ಟಿಸಿ.

ತಂತಿಗಳು ಬಾಡಿಯ ಹಿಂದಿನಿಂದ ತೂರಿ ಬರುವ ಆರು ತೂತುಗಳನ್ನು ಕೈ ಡ್ರಿಲ್‌ನಲ್ಲಿ ಹಾಕಬೇಡಿ. ಹಿಂಬದಿಯಲ್ಲಿ ಸಾಲು ಸೊಟ್ಟ ಬರುತ್ತದೆ. ಕಾರವಾರದಲ್ಲಿ ಕಿಟಕಿ ಗ್ರಿಲ್ ಮಾಡುವವರ ಹತ್ತಿರ ನೆಟ್ಟಗೆ ನಿಂತ ಡ್ರಿಲ್ಲಿಂಗ್ ಮಷಿನ್ ಇತ್ತು, ಅಲ್ಲಿ ಅರ್ಧ ಗಂಟೆಯಲ್ಲಿ ಆಯಿತು. ದುಡ್ಡು ಬೇಡ ಅಂದರು. ನೆಕ್‌ಗೆ ಸ್ಕ್ರೂ ಹಾಕುವ ಮೊದಲು 3 ಮಿ.ಮೀ. ತೂತು ಮಾಡಿ, ಸ್ಕ್ರೂಗೆ ಮೇಣದ ಬತ್ತಿ ಉಜ್ಜಿ. ಮೇಪಲ್ ಬಹಳ ಗಟ್ಟಿ, ಒಣ ಸ್ಕ್ರೂ ಒಳಗೇ ಮುರಿಯುತ್ತದೆ.

ಜೂನ್ ಎರಡನೇ ವಾರ. ಮಳೆ ಸುರಿಯುತ್ತಿತ್ತು. ಇಷ್ಟಾದ ಮೇಲೂ ನನಗೆ ಬುದ್ಧಿ ಬಂದಿರಲಿಲ್ಲ. ಲ್ಯಾಕರ್ ಸ್ಪ್ರೇ ಮಾಡಿದೆ. ಬೆಳಿಗ್ಗೆ ಎದ್ದು ನೋಡಿದರೆ ಬಾಡಿಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ. ಲ್ಯಾಕರ್‌ನ ದ್ರವ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಒಳಗೇ ಸಿಕ್ಕಿಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದು ತಪ್ಪದು. ಎಲ್ಲ ಉಜ್ಜಿ ತೆಗೆದೆ. ಮರವನ್ನು ಹಳೆ ಬೆಡ್‌ಶೀಟ್‌ನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟು ಅಕ್ಟೋಬರ್ ತನಕ ಮುಟ್ಟಲಿಲ್ಲ. ಆ ನಾಲ್ಕು ತಿಂಗಳು ಬಹಳ ಉದ್ದ. ಮಗಳು ದಿನಾ ಕೇಳುತ್ತಿದ್ದಳು, "ಅಪ್ಪಾ, ಅದು ಯಾವಾಗ ಏಳ್ತದೆ?"

ದೋಣಿಗೆ ಹಚ್ಚುವ ಗೇರುಸಿಪ್ಪೆ ಎಣ್ಣೆ ಹಚ್ಚಿ, ನೂರು ವರ್ಷ ಏನೂ ಆಗೂದಿಲ್ಲ ಅಂತ ಪಕ್ಕದ ಮನೆಯ ಹಿರಿಯರು ಹೇಳಿದರು. ಮರಕ್ಕೆ ಒಳ್ಳೆಯದೇ, ಆದರೆ ಅದು ಚರ್ಮ ಸುಡುತ್ತದೆ, ಮೈಗೆ ಒತ್ತಿ ಹಿಡಿಯುವ ವಾದ್ಯಕ್ಕೆ ಬೇಡ. ಅಕ್ಟೋಬರ್ ಬಿಸಿಲಿನಲ್ಲಿ, ಅಂಗಡಿಯಲ್ಲಿ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಅಂತ ಸಿಗುವ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಆರು ಸಲ ಹಚ್ಚಿದೆ, ನಡುನಡುವೆ ಮೂರು ದಿನ ಬಿಟ್ಟು. ಹಲಸು ಹೊನ್ನಿನ ಹಾಗೆ ಹೊಳೆಯಿತು. ಒಂದು ಎಚ್ಚರಿಕೆ ತುಂಬಾ ಮುಖ್ಯ: ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹಾಕಿ. ಲ್ಯಾಕರ್, ಎಣ್ಣೆ, ಪಾಲಿಶ್ ಪೇಪರ್ ಸೇರಿ 1,850 ಆಯಿತು.

ವೈರಿಂಗ್ ಸುಲಭ ಅಂದುಕೊಂಡಿದ್ದೆ. ಇಲ್ಲೇ ಸಿಟಿಎಸ್ ಪಾಟ್ ನನ್ನ ಕಂಟ್ರೋಲ್ ಪ್ಲೇಟಿನ ತೂತಿಗೆ ಹೋಗಲಿಲ್ಲ. ಅದಕ್ಕೆ ಸುಮಾರು 9.5 ಮಿ.ಮೀ. ಬೇಕು, ಪ್ಲೇಟಿನಲ್ಲಿ 8 ಇತ್ತು. ದುಂಡು ಅರದಿಂದ ಉಜ್ಜಿ ದೊಡ್ಡದು ಮಾಡಿದೆ. ಹೊರಗಿನ ವಿದ್ಯುತ್ ಗದ್ದಲ ಒಳಗೆ ಸೇರದಿರಲಿ ಅಂತ ಗುಂಡಿಗಳಿಗೆಲ್ಲ ತಾಮ್ರದ ಹಾಳೆ ಅಂಟಿಸಿದೆ. ಬೆಸುಗೆ ಮುಗಿಸಿ ಆಂಪ್ಲಿಫೈಯರ್‌ಗೆ ಹಾಕಿದರೆ ಒಂದೊಂದೇ ಪಿಕಪ್ ಚೆನ್ನಾಗಿ ನುಡಿಯಿತು. ಎರಡನ್ನೂ ಒಟ್ಟಿಗೆ ಹಾಕಿದರೆ ದನಿ ಸಪ್ಪೆ, ಮೂಗಿನಲ್ಲಿ ಮಾತಾಡಿದ ಹಾಗೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಒಂದು ಪಿಕಪ್‌ನ ಅಲೆ ಮೇಲೆ ಹೋಗುವಾಗ ಇನ್ನೊಂದರದ್ದು ಕೆಳಗೆ ಹೋಗುತ್ತಿತ್ತು, ಒಂದನ್ನೊಂದು ಅಳಿಸುತ್ತಿದ್ದವು. ಬೇರೆ ಬೇರೆ ಕಂಪನಿಯ ಪಿಕಪ್ ಸೇರಿಸಿದರೆ ಹೀಗಾಗುವುದುಂಟು. ಒಂದರ ಎರಡು ವೈರ್ ಅದಲುಬದಲು ಮಾಡಿದರೆ ಸಾಕು. ಆದರೆ ಈ ಮಾದರಿಯಲ್ಲಿ ನೆಕ್ ಪಿಕಪ್‌ನ ಲೋಹದ ಮುಚ್ಚಳ ಅದರ ಗ್ರೌಂಡ್ ವೈರಿಗೇ ಸೇರಿರುತ್ತದೆ. ಹಾಗೇ ಬದಲಿಸಿದರೆ ಮುಚ್ಚಳ ಮುಟ್ಟಿದಾಗೆಲ್ಲ ಗುಂಯ್ ಅನ್ನುತ್ತದೆ. ಅಡಿಯಲ್ಲಿರುವ ಆ ಸಣ್ಣ ಕೊಂಡಿ ಕತ್ತರಿಸಿ, ಮುಚ್ಚಳಕ್ಕೆ ಬೇರೆ ಗ್ರೌಂಡ್ ವೈರ್ ಕೊಡಬೇಕು. ಪಕ್ಕದಲ್ಲೇ ಕೂದಲಿಗಿಂತ ಸಣ್ಣ ಸುರುಳಿಯ ತಂತಿ ಇರುತ್ತದೆ, ಅದು ತುಂಡಾದರೆ ಪಿಕಪ್ ಹೋದಂತೆ. ಉಸಿರು ಬಿಗಿಹಿಡಿದು ಮಾಡಿದೆ. ನೀವು ಬೆಸುಗೆಗೆ ಮುಂಚೆಯೇ ಮುಳ್ಳಿನ ಮೀಟರ್ ಹಚ್ಚಿ, ಪಿಕಪ್ ಮೇಲೆ ಸ್ಕ್ರೂಡ್ರೈವರ್ ತಾಗಿಸಿ ನೋಡಿ. ಎರಡರಲ್ಲೂ ಮುಳ್ಳು ಒಂದೇ ಕಡೆ ಜಿಗಿಯಬೇಕು.

ಆಮೇಲೂ ಗುಂಯ್ ಸದ್ದು ಪೂರ್ತಿ ಹೋಗಲಿಲ್ಲ. ತಂತಿ ಮುಟ್ಟಿದರೆ ಕಡಿಮೆ ಆಗಬೇಕಿತ್ತು, ಆಗಲಿಲ್ಲ. ಬ್ರಿಜ್ ಅಡಿಗೆ ಬರುವ ಗ್ರೌಂಡ್ ವೈರ್ ಎಣ್ಣೆಯ ಪೊರೆಯ ಮೇಲೆ ಕೂತಿತ್ತು, ಲೋಹಕ್ಕೆ ತಾಗಿರಲಿಲ್ಲ. ಅದನ್ನು ಸರಿ ಮಾಡಿದೆ. ಜೊತೆಗೆ ಎಲೆಕ್ಟ್ರಿಷಿಯನ್ ಕರೆದು ಮನೆಯ ಪ್ಲಗ್ ನೋಡಿಸಿದರೆ ಅರ್ಥಿಂಗ್ ಸೇರಿಸಿಯೇ ಇರಲಿಲ್ಲ! ಗಿಟಾರಿನ ತಂತಿ ಆಂಪ್ಲಿಫೈಯರ್‌ನ ಗ್ರೌಂಡ್‌ಗೆ ಸೇರಿರುತ್ತದೆ, ಅಂದರೆ ನಿಮ್ಮ ಕೈಗೆ. ಇದು ದನಿಯ ವಿಷಯ ಅಲ್ಲ, ಜೀವದ ವಿಷಯ. ಹಳೆ ಮನೆಗಳಲ್ಲಿ ಇರುವವರು ದಯವಿಟ್ಟು ಮೊದಲು ಇದನ್ನು ನೋಡಿಸಿ.

ಕೊನೆಯ ಹೊಂದಾಣಿಕೆಗೆ ರೈಲು ಹತ್ತಿ ಮಡಗಾಂವ್‌ಗೆ ಹೋದೆ. ಅಲ್ಲಿ ಗಿಟಾರ್ ರಿಪೇರಿ ಮಾಡುವ ಒಬ್ಬರು ನಟ್‌ನಲ್ಲಿ ತಂತಿ ಕೂರುವ ಸೀಳುಗಳನ್ನು ಆಳ ಮಾಡಿ, ಎತ್ತರ ಬಿದ್ದಿದ್ದ ಎರಡು ಫ್ರೆಟ್ ಸಮ ಮಾಡಿದರು. ಓಡಾಟವೂ ಸೇರಿ 2,800. ಇದನ್ನು ನಾನೇ ಮಾಡಲು ಹೋಗದಿದ್ದದ್ದು ಒಳ್ಳೆಯದಾಯಿತು, ನಟ್‌ನ ಅರಗಳೇ ಅದಕ್ಕಿಂತ ದುಬಾರಿ. ನೆಕ್‌ನ ಬಾಗು ಮಾತ್ರ ಮನೆಯಲ್ಲೇ ನೋಡಿಕೊಂಡೆ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್‌ಗೆ ಇಟ್ಟುಕೊಳ್ಳುವ ಫೀಲರ್ ಗೇಜ್ ಸಾಕು. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗೆ ಒತ್ತಿ ಹಿಡಿದಾಗ, ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಕಾಲು ಮಿಲಿಮೀಟರ್ ಸಂದು ಇದ್ದರೆ ಸರಿ.

ತಾಮ್ರದ ಹಾಳೆ, ಬೆಸುಗೆ ಸಾಮಾನು, ಸ್ಕ್ರೂ ಸೇರಿ 3,150. ಮೇಲ್ಲೇಪ ಇರುವ ತಂತಿ ಎರಡು ಸೆಟ್ 1,400. ಇಲ್ಲಿನ ಗಾಳಿಗೆ ಮಾಮೂಲಿ ತಂತಿ ಎರಡೇ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಎಲ್ಲ ಕೂಡಿಸಿದರೆ 79,100 ರೂಪಾಯಿ. ಇದೇ ದುಡ್ಡಿಗೆ ಅಂಗಡಿಯಲ್ಲಿ ಒಳ್ಳೆಯ ಗಿಟಾರ್ ಬರುತ್ತದೆ, ಮಾರಲು ಹೋದರೂ ಅದಕ್ಕೆ ಬೆಲೆ ಸಿಗುತ್ತದೆ. ಭಾಗ ಜೋಡಿಸಿದ್ದಕ್ಕೆ ಅರ್ಧವೂ ಸಿಗುವುದು ಕಷ್ಟ. ಉಳಿತಾಯಕ್ಕೆ ಅಂತ ಈ ಕೆಲಸಕ್ಕೆ ಇಳಿಯಬೇಡಿ. ತೂಕ 4.1 ಕೆಜಿ ಬಂತು, ಅಗಲದ ಪಟ್ಟಿ ಇಲ್ಲದಿದ್ದರೆ ಹೆಗಲು ನೋಯುತ್ತದೆ. ದನಿ ಮಾತ್ರ ನಾನು ಬಯಸಿದ್ದೇ. ತೆಳು ತಂತಿಗಳು ಗಂಟೆಯ ಹಾಗೆ ಬಿಡಿಬಿಡಿಯಾಗಿ ಕೇಳಿಸುತ್ತವೆ, ಬಿಟ್ಟ ತಂತಿ ಬಹಳ ಹೊತ್ತು ಉಳಿಯುತ್ತದೆ.

ಭಾನುವಾರ ಅಪ್ಪಯ್ಯ, ಆಯಿ ಕಾರವಾರಕ್ಕೆ ಬಂದಿದ್ದರು. ಆ ಮೊಳೆಯ ಕಪ್ಪು ಕಲೆ ಬಾಡಿಯ ಕೆಳಗಿನ ಅಂಚಿನಲ್ಲಿ ಹಾಗೇ ಇದೆ. ಆಚಾರಿಗಳು ತುಂಬಿ ಮುಚ್ಚುತ್ತೇನೆ ಅಂದಿದ್ದರು, ನಾನೇ ಬೇಡ ಅಂದಿದ್ದೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಅದರ ಮೇಲೆ ಹೆಬ್ಬೆರಳು ಇಟ್ಟರು. ಕಂದೀಲು ತೂಗುಹಾಕುತ್ತಿದ್ದ ಮೊಳೆಯಂತೆ. ಅದರ ಬೆಳಕಲ್ಲಿ ಅವರು ಮಗ್ಗಿ ಬರೆಯುತ್ತಿದ್ದರಂತೆ. ನಾನು ಒಂದು ತಂತಿ ಮೀಟಿದೆ. ಅವರು ಕಲೆಯ ಮೇಲಿಂದ ಬೆರಳು ತೆಗೆಯಲಿಲ್ಲ, ಸದ್ದು ಪೂರ್ತಿ ನಿಲ್ಲುವವರೆಗೂ.

ಆಮೇಲೆ ಕೇಳಿದರು, "ಇನ್ನೊಂದು ಹಲಗೆ ಎಲ್ಲಿಟ್ಟಿದ್ಯೋ?"

ಮಂಚದ ಅಡಿ ಇದೆ. ಮಗಳು ಈಗಾಗಲೇ ಅದನ್ನು ಪ್ರತಿ ಭಾನುವಾರ ತೂಗಲು ಶುರು ಮಾಡಿದ್ದಾಳೆ.